ಅನುಮಾನ ಅಂದ್ರೆ ಬರೀ ಸಂಶಯ ಅಲ್ಲ: ಹೆಬ್ಬಾಳದ ಕಲ್ಲು ಮತ್ತು ಮರೆತುಹೋದ ಒಂದು ಇಂಗ್ಲಿಷ್ ಪದ

 ಬಸ್ಸಲ್ಲಿ ಕೂತಿದೀರೋ, ಮೆಟ್ರೋದಲ್ಲಿ ನೇತಾಡ್ತಿದೀರೋ, ಇಲ್ಲಾ ಹೆಬ್ಬಾಳ ಫ್ಲೈಓವರ್ ಮೇಲೆ ನಿಂತಲ್ಲೇ ನಿಂತಿದೀರೋ ಗೊತ್ತಿಲ್ಲ. ಎಲ್ಲಿದ್ರೂ ಇಯರ್‌ಫೋನ್ ಹಾಕ್ಕೊಂಡು ಆರಾಮಾಗಿ ಕೇಳಿ.

ಇವತ್ತಿನ ವಿಷಯ ಒಂದು ಪದ. ಇಂಗ್ಲಿಷ್ ಪದ, ಆದ್ರೆ ಇಂಗ್ಲಿಷ್ ಮಾತಾಡೋರೂ ಇದನ್ನ ಬಳಸೋದು ಬಹಳ ಅಪರೂಪ. ಇಲೇಶನ್. ಸ್ಪೆಲಿಂಗ್ ಹೇಳ್ತೀನಿ: ಐ, ಡಬಲ್ ಎಲ್, ಎ, ಟಿ, ಐ, ಓ, ಎನ್. ಇನ್‌ಫ್ಲೇಶನ್ ಅಲ್ಲ, ಅದು ನಮ್ಮ ಬಿಕಾಂ ಪುಸ್ತಕದ ಪದ. ಕಾಯಿಲೆಗೆ ಹೇಳೋ ‘ಇಲ್’ಗೂ ಇದಕ್ಕೂ ಸಂಬಂಧ ಇಲ್ಲ. ಇಲೇಶನ್ ಅಂದ್ರೆ ಇನ್‌ಫರೆನ್ಸ್. ಅಂದ್ರೆ ಕಣ್ಣಿಗೆ ಕಂಡದ್ದರಿಂದ ಕಣ್ಣಿಗೆ ಕಾಣದೇ ಇರೋದನ್ನ ತಿಳ್ಕೊಳ್ಳೋದು.

ಇದಕ್ಕೆ ಕನ್ನಡದಲ್ಲಿ ಏನಂತಾರೆ? ಶಾಸ್ತ್ರದ ಪುಸ್ತಕ ತೆಗೆದರೆ ಉತ್ತರ ಸಿಗುತ್ತೆ: ಅನುಮಾನ. ಆದ್ರೆ ನೀವು ಮನೇಲಿ ‘ನಂಗೆ ಅವನ ಮೇಲೆ ಅನುಮಾನ’ ಅಂದಾಗ ನಿಮ್ಮ ಅರ್ಥ ಇನ್‌ಫರೆನ್ಸ್ ಅಲ್ಲ, ಡೌಟು. ಒಂದು ಕಾಲದಲ್ಲಿ ‘ಸರಿಯಾಗಿ ಯೋಚಿಸಿ ತಿಳಿದದ್ದು’ ಅಂತ ಅರ್ಥ ಇದ್ದ ಪದ, ನಮ್ಮ ಬಾಯಲ್ಲಿ ‘ಯೋಚಿಸದೇ ಶಂಕೆ ಪಡೋದು’ ಅನ್ನೋ ಹತ್ತಿರಕ್ಕೆ ಬಂದುಬಿಟ್ಟಿದೆ. ಇದು ಬರೀ ಡಿಕ್ಷನರಿ ಸಮಾಚಾರ ಅಲ್ಲ. 2018ರಲ್ಲಿ ನಮ್ಮ ರಾಜ್ಯದಲ್ಲಿ ಈ ಎರಡು ಅರ್ಥಗಳ ನಡುವೆ ಮನುಷ್ಯರ ಜೀವ ಹೋಯ್ತು. ಅದೇ ವರ್ಷ ಹೆಬ್ಬಾಳದಲ್ಲಿ, ಸತ್ತು ಸಾವಿರದ ಇನ್ನೂರು ವರ್ಷ ದಾಟಿದ್ದ ಒಬ್ಬ ಮನುಷ್ಯನ ಹೆಸರು ಮತ್ತೆ ಜೀವ ಪಡೀತು. ಎರಡಕ್ಕೂ ಬರ್ತೀನಿ. ಮೊದಲು ಪದ.

ಹೊತ್ತು ತರೋದು, ತೂಗಿ ನೋಡೋದು

ಇನ್‌ಫರ್ ಅನ್ನೋದು ಲ್ಯಾಟಿನ್‌ನಿಂದ ಬಂದದ್ದು. ‘ಇನ್’ ಅಂದ್ರೆ ಒಳಗೆ, ‘ಫೆರ್ರೆ’ ಅಂದ್ರೆ ಹೊರು. ಎರಡೂ ಸೇರಿದ್ರೆ ‘ಒಳಗೆ ಹೊತ್ತು ತರು’. ಗೊತ್ತಿರೋ ಸಂಗತಿಯಿಂದ ಒಂದು ತೀರ್ಮಾನವನ್ನ ಒಳಗೆ ಹೊತ್ತು ತರ್ತೀವಲ್ಲ, ಅದು ಇನ್‌ಫರೆನ್ಸ್.

ಹಾಗಾದ್ರೆ ಇಲೇಶನ್ ಎಲ್ಲಿಂದ ಬಂತು? ನೋಡೋಕೆ ಬೇರೆ ಮನೆಯ ಮಗು ಥರ ಇದೆ, ಆದ್ರೆ ಒಂದೇ ಮನೆಯದು. ಇಂಗ್ಲಿಷ್‌ನಲ್ಲಿ ‘ಗೋ’ ಅನ್ನೋದಕ್ಕೆ ಭೂತಕಾಲ ‘ವೆಂಟ್’ ಅಲ್ವಾ? ಎರಡೂ ಬೇರೆ ಬೇರೆ ಬೇರಿನ ಪದ, ಆದ್ರೆ ಒಂದೇ ಕ್ರಿಯಾಪದವಾಗಿ ಸಂಸಾರ ಮಾಡ್ತಿವೆ. ಲ್ಯಾಟಿನ್‌ನಲ್ಲಿ ‘ಫೆರ್ರೆ’ಗೂ ಇದೇ ಕಥೆ. ‘ಹೊರು’ ಅಂತ ಹೇಳೋಕೆ ‘ಫೆರ್ರೆ’, ಆದ್ರೆ ‘ಹೊತ್ತು ತಂದದ್ದು’ ಅನ್ನೋಕೆ ‘ಲಾಟುಸ್’. ಇನ್ ಮತ್ತು ಲಾಟುಸ್ ಸೇರಿ ‘ಇಲ್ಲಾಟುಸ್’ ಆಯ್ತು. ‘ನ್’ ಹೋಗಿ ಇನ್ನೊಂದು ‘ಲ್’ ಯಾಕೆ ಬಂತು ಅಂದ್ರೆ, ನಮ್ಮ ಹೈಸ್ಕೂಲ್ ಸಂಧಿಯ ಥರಾನೇ. ಉತ್ ಮತ್ತು ಲೇಖ ಸೇರಿ ಉಲ್ಲೇಖ ಆಗಲ್ವಾ? ತತ್ ಮತ್ತು ಲೀನ ಸೇರಿ ತಲ್ಲೀನ? ಹಾಗೇ. ಆ ಇಲ್ಲಾಟುಸ್‌ನಿಂದ ಹುಟ್ಟಿದ್ದು ಇಲೇಶನ್.

ಇದು ಒಂಟಿ ಉದಾಹರಣೆ ಅಲ್ಲ. ಟ್ರಾನ್ಸ್‌ಫರ್ ಮತ್ತು ಟ್ರಾನ್ಸ್‌ಲೇಟ್ ಹೀಗೇ ಅಕ್ಕ ತಂಗಿಯರು: ಎರಡರ ಅರ್ಥವೂ ಮೂಲದಲ್ಲಿ ‘ಆ ಕಡೆಗೆ ಹೊತ್ತೊಯ್ಯು’. ರೆಫರ್ ಮತ್ತು ರಿಲೇಟ್ ಕೂಡ ಹಾಗೇ. ಕಾನ್ಫರ್ ಮತ್ತು ಕೊಲೇಟ್ ಕೂಡ. ಇನ್‌ಫರ್‌ಗೆ ಮಾತ್ರ ಜೋಡಿ ಕಳೆದುಹೋದ ಹಾಗೆ ಕಾಣುತ್ತೆ. ಕಳೆದಿಲ್ಲ, ಮೂಲೆಯಲ್ಲಿ ಕೂತಿದೆ, ಅಷ್ಟೆ.

ಈಗ ನಂಗೆ ತುಂಬಾ ಇಷ್ಟವಾದ ಭಾಗ. 1786ರಲ್ಲಿ ಕಲ್ಕತ್ತಾದಲ್ಲಿ ವಿಲಿಯಂ ಜೋನ್ಸ್ ಅನ್ನೋ ಜಡ್ಜ್ ಒಂದು ಭಾಷಣ ಮಾಡಿದರು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಎಲ್ಲವೂ ಒಂದೇ ಮೂಲದಿಂದ ಕವಲೊಡೆದಿರಬೇಕು ಅಂತ ಅದರಲ್ಲಿ ಹೇಳಿದರು. ಆಮೇಲೆ ಬಂದ ವಿದ್ವಾಂಸರು ಪದಕ್ಕೆ ಪದ ಹೋಲಿಸಿ ಅದನ್ನ ಗಟ್ಟಿ ಮಾಡಿದರು. ಆ ಲೆಕ್ಕದಲ್ಲಿ ಲ್ಯಾಟಿನ್ ‘ಫೆರ್ರೆ’ಯ ಸಂಸ್ಕೃತ ಬಂಧು ಯಾವುದು ಗೊತ್ತಾ? ‘ಭೃ’ ಧಾತು. ಅದರಿಂದ ಬಂದದ್ದು ‘ಭಾರ’. ‘ಲಾಟುಸ್’ನ ಬೇರಿಗೆ ಎತ್ತು, ಹೊರು, ತೂಗು ಅನ್ನೋ ಅರ್ಥ ಇತ್ತು. ಅದರ ಸಂಸ್ಕೃತ ಬಂಧು ‘ತುಲಾ’, ಅಂದ್ರೆ ತಕ್ಕಡಿ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ತುಲಾ, ಭಾರ. ತುಲಾಭಾರ!

ಕನ್ನಡ ದ್ರಾವಿಡ ಭಾಷೆ, ಈ ಪದ ನಮಗೆ ಸಂಸ್ಕೃತದಿಂದ ಬಂದದ್ದು, ನಿಜ. ಆದ್ರೆ ಬಂದು ನಮ್ಮದೇ ಆಗಿದೆ. ಉಡುಪಿಯಲ್ಲಿ ಹರಕೆ ಹೊತ್ತವರು ಒಂದು ತಟ್ಟೆಯಲ್ಲಿ ಕೂತು, ಇನ್ನೊಂದರಲ್ಲಿ ಬೆಲ್ಲವೋ ಅಕ್ಕಿಯೋ ಇಟ್ಟು ತೂಗಿಸಿಕೊಳ್ತಾರೆ. ಹಂಪಿಯಲ್ಲಿ ರಾಜರ ತುಲಾಭಾರದ ಕಲ್ಲಿನ ಕಮಾನು ಇವತ್ತಿಗೂ ನಿಂತಿದೆ. ಇನ್‌ಫರ್ ಮತ್ತು ಇಲೇಶನ್ ಅನ್ನೋ ಎರಡು ಇಂಗ್ಲಿಷ್ ಪದಗಳ ಹೊಟ್ಟೆಯಲ್ಲಿರೋ ಬೇರುಗಳೇ ಆ ಒಂದು ಪದದಲ್ಲಿ ಜೊತೆಯಾಗಿ ಕೂತಿವೆ. ಹೊರೆ ಹೊರೋದು, ಆ ಹೊರೆಯನ್ನ ತೂಗೋದು. ತೀರ್ಮಾನಕ್ಕೆ ಬರೋ ಕೆಲಸದಲ್ಲಿ ಇರೋದು ಈ ಎರಡೇ. ನಾವು ಹೊರೋದರಲ್ಲಿ ಜಾಣರು. ತೂಗೋದನ್ನ ಮರೀತೀವಿ.

ಲಾಕ್‌ನ ಕೊಂಡಿ, ನ್ಯೂಮನ್‌ನ ಎಳೆಗಳು

ಇಂಗ್ಲಿಷ್‌ಗೆ ಇಲೇಶನ್ ಬಂದದ್ದು 16ನೇ ಶತಮಾನದಲ್ಲಿ. ಇದನ್ನ ಹೆಸರು ಹಿಡಿದು ಬಳಸಿದ ದೊಡ್ಡ ತತ್ವಜ್ಞಾನಿ ಜಾನ್ ಲಾಕ್. 1689ರಲ್ಲಿ ಬಂದ ‘ಮಾನವ ತಿಳಿವಳಿಕೆ ಕುರಿತ ಪ್ರಬಂಧ’ದಲ್ಲಿ ಆತ ಇಲೇಶನ್ ಮತ್ತು ಇನ್‌ಫರೆನ್ಸ್ ಎರಡನ್ನೂ ಒಂದೇ ಅರ್ಥದಲ್ಲಿ ಹೇಳ್ತಾನೆ. ಅವನ ಮಾತಿನ ಸಾರ ಇಷ್ಟು: ಒಂದು ವಿಚಾರದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಇರೋ ಪ್ರತಿ ಕೊಂಡಿಯನ್ನೂ ಮನಸ್ಸು ನೋಡಬೇಕು. ಸರಪಳಿಯ ಈ ತುದಿ, ಆ ತುದಿ ಮಾತ್ರ ಕಂಡರೆ ಸಾಲದು.

ಆಮೇಲೆ 1870ರಲ್ಲಿ ಜಾನ್ ಹೆನ್ರಿ ನ್ಯೂಮನ್ ಅನ್ನೋ ಧರ್ಮಗುರು ಇದೇ ಬೇರಿನಿಂದ ‘ಇಲೇಟಿವ್ ಸೆನ್ಸ್’ ಅನ್ನೋ ಮಾತು ತಂದರು. ನಿಜ ಜೀವನದಲ್ಲಿ ನಾವು ಗಣಿತದ ಹಾಗೆ ಒಂದೇ ಗಟ್ಟಿ ಸಾಕ್ಷಿಯಿಂದ ತೀರ್ಮಾನಕ್ಕೆ ಬರಲ್ಲ. ಸಣ್ಣ ಸಣ್ಣ ಸುಳಿವುಗಳು ಸೇರ್ತಾ ಹೋಗುತ್ತವೆ. ಒಂದೊಂದನ್ನೇ ಹಿಡಿದರೆ ದಾರದ ಎಳೆ, ಎಲ್ಲ ಹೆಣೆದುಕೊಂಡರೆ ಹಗ್ಗ. ಯಾವಾಗ ಅದು ಹಗ್ಗ ಆಯ್ತು, ಯಾವಾಗ ಇನ್ನೂ ದಾರವೇ ಅಂತ ಹೇಳೋ ಬುದ್ಧಿಗೆ ಅವರು ಆ ಹೆಸರಿಟ್ಟರು.

ಇಂಗ್ಲಿಷ್ ವ್ಯಾಕರಣದಲ್ಲಿ ‘ದೇರ್‌ಫೋರ್’ ಥರದ ಪದಗಳಿಗೂ ಇಲೇಟಿವ್ ಅಂತಾರೆ. ಜ್ಯಾಮಿತಿ ಪೀರಿಯಡ್‌ನಲ್ಲಿ ಮೂರು ಚುಕ್ಕಿ ಇಡ್ತಿದ್ದಿವಲ್ಲ, ಅದು. ಕನ್ನಡದಲ್ಲಿ ‘ಆದ್ದರಿಂದ’. ನಾವು ಮಾತಾಡುವಾಗ ‘ಅಂದ್ಮೇಲೆ’. ‘ಲೈಟ್ ಉರೀತಿದೆ ಅಂದ್ಮೇಲೆ ಯಾರೋ ಇದಾರೆ.’ ಈ ‘ಅಂದ್ಮೇಲೆ’ಯನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ನಂದಿ ಬೆಟ್ಟದ ಮೇಲೆ ಹೊಗೆಯೋ ಮಂಜೋ

ಈಗ ನಮ್ಮ ಕಡೆಯ ಪದ. ಅನು ಅಂದ್ರೆ ಹಿಂದೆಯೇ, ಆಮೇಲೆ. ಮಾನ ಅಂದ್ರೆ ಅಳತೆ. ಅನುಮಾನ ಅಂದ್ರೆ ಮೊದಲು ಕಂಡದ್ದರ ಹಿಂದೆ ಹೋಗಿ ಅಳೆಯೋದು. ಇಲ್ಲೂ ಅಳತೆ ಬಂತು ನೋಡಿ. ಮತ್ತೆ ‘ಅನು’ ಅಂದ್ರೆ ‘ಆಮೇಲೆ’, ನಮ್ಮ ‘ಅಂದ್ಮೇಲೆ’ಯಲ್ಲಿರೋದೂ ಅದೇ ‘ಮೇಲೆ’.

ಗೌತಮನ ನ್ಯಾಯಸೂತ್ರದಲ್ಲಿ ಜ್ಞಾನ ಪಡೆಯೋಕೆ ನಾಲ್ಕು ದಾರಿ ಇವೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಅಂದ್ರೆ ಕಣ್ಣಾರೆ ಕಂಡದ್ದರ ಪಕ್ಕದಲ್ಲೇ ಅನುಮಾನಕ್ಕೆ ಕುರ್ಚಿ. ಅದಕ್ಕೆ ಐದು ಮೆಟ್ಟಿಲು. ಬೆಟ್ಟದ ಮೇಲೆ ಬೆಂಕಿ ಇದೆ, ಇದು ಪ್ರತಿಜ್ಞೆ. ಯಾಕಂದ್ರೆ ಹೊಗೆ ಕಾಣ್ತಿದೆ, ಇದು ಹೇತು. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತೆ, ಅಡುಗೆಮನೆಯಲ್ಲಿ ಇದ್ದ ಹಾಗೆ, ಇದು ಉದಾಹರಣೆ. ಈ ಬೆಟ್ಟದಲ್ಲೂ ಅಂಥದ್ದೇ ಹೊಗೆ ಇದೆ, ಇದು ಉಪನಯ. ಆದ್ದರಿಂದ ಇಲ್ಲಿ ಬೆಂಕಿ ಇದೆ, ಇದು ನಿಗಮನ.

ಓದೋಕೆ ಇದು ಸಿಂಪಲ್. ಆದ್ರೆ ನೈಯಾಯಿಕರು ತಲೆ ಕೆಡಿಸಿಕೊಂಡದ್ದು ಇದು ಎಲ್ಲೆಲ್ಲಿ ಕೈ ಕೊಡುತ್ತೆ ಅನ್ನೋದರ ಬಗ್ಗೆ. ಮೂರು ಜಾಗ ಹೇಳ್ತೀನಿ.

ಮೊದಲನೇದು, ಕಂಡದ್ದು ಹೊಗೆಯೇ ಹೌದಾ? ಭಾನುವಾರ ಬೆಳಗ್ಗೆ ಯಲಹಂಕ ದಾಟಿ ನಂದಿ ಬೆಟ್ಟದ ಕಡೆ ಬೈಕ್ ಓಡಿಸಿದವರಿಗೆ ಗೊತ್ತು, ದೂರಕ್ಕೆ ಮಂಜೂ ಹೊಗೆ ಥರಾನೇ ಕಾಣುತ್ತೆ. ಹೇತುವೇ ತಪ್ಪಾಗಿದ್ದರೆ ಮುಂದಿನ ಮೂರು ಮೆಟ್ಟಿಲು ಎಷ್ಟು ಸರಿಯಾಗಿ ಹತ್ತಿದರೂ ತಲುಪೋದು ಬೇರೆ ಊರಿಗೆ.

ಎರಡನೇದು, ಆ ಹೇತು ಬೇರೆ ಕಡೆಗೂ ಹೋಗುತ್ತಾ? ಆರ್‌ಟಿ ನಗರದಲ್ಲಿ ಬೆಳಗ್ಗೆ ಎದ್ದು ಬಾಗಿಲು ತೆಗೀತೀರಿ, ರಸ್ತೆ ಒದ್ದೆ. ‘ರಾತ್ರಿ ಮಳೆ ಬಂದಿದೆ.’ ಇರಬಹುದು. ವಾಟರ್ ಟ್ಯಾಂಕರ್ ಸೋರಿಕೊಂಡು ಹೋಗಿರಬಹುದು, ಪೈಪ್ ಒಡೆದಿರಬಹುದು, ಪಕ್ಕದ ಮನೆಯವರು ಕಾರ್ ತೊಳೆದಿರಬಹುದು. ಒದ್ದೆ ಅನ್ನೋದು ಮಳೆಯ ಮನೆಗೂ ಹೋಗುತ್ತೆ, ಟ್ಯಾಂಕರ್ ಮನೆಗೂ ಹೋಗುತ್ತೆ. ಹೀಗೆ ಎಲ್ಲರ ಮನೆಗೂ ಹೋಗೋ ಹೇತುವಿಗೆ ಶಾಸ್ತ್ರದಲ್ಲಿ ‘ಸವ್ಯಭಿಚಾರ’ ಅಂತ ಹೆಸರು. ಪಕ್ಕದ ಮನೆ ಸೂರಿಂದಲೂ ನೀರು ತೊಟ್ಟಿಕ್ಕುತ್ತಿದ್ದರೆ, ಆಗ ಮಳೆ ಅನ್ನಿ.

ಮೂರನೇದು, ಉಲ್ಟಾ ಹೊಡೆಯೋದು. ಹೊಗೆ ಇದ್ದಲ್ಲಿ ಬೆಂಕಿ ಇರುತ್ತೆ, ಸರಿ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತಾ? ಇಲ್ಲ. ಹಸಿ ಸೌದೆ ಇದ್ದರೆ ಹೊಗೆ ಅಂತ ಆ ಕಾಲದವರೇ ಹೇಳಿದಾರೆ. ನಮ್ಮ ಗ್ಯಾಸ್ ಸ್ಟವ್ ನೋಡಿದ್ದರೆ ಇನ್ನೂ ಬೇಗ ಒಪ್ತಿದ್ದರು.

ಕಾಮರ್ಸ್ ಓದಿದವರಿಗೆ ಇದು ಹೊಸದೇನಲ್ಲ. ಲೆಕ್ಕ ಸರಿ ಇದ್ದರೆ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗುತ್ತೆ. ಹಾಗಂತ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಯ್ತು ಅಂದ್ಮೇಲೆ ಲೆಕ್ಕ ಸರಿ ಇದೆ ಅನ್ನೋ ಹಾಗಿಲ್ಲ. ಒಂದು ಎಂಟ್ರಿಯನ್ನ ಪೂರ್ತಿ ಬಿಟ್ಟಿದ್ದರೂ ಟ್ಯಾಲಿ ಆಗುತ್ತೆ. ಒಂದು ತಪ್ಪನ್ನ ಇನ್ನೊಂದು ತಪ್ಪು ಸರಿದೂಗಿಸಿದ್ದರೂ ಆಗುತ್ತೆ. ಅದಕ್ಕೇ ಆಡಿಟರ್ ಅನ್ನೋನು ಬಂದು ವೋಚರ್ ಕೇಳೋದು.

ಔಷಧಿಯ ಹೆಸರು ರೋಗಕ್ಕೆ

ಈ ಶಾಸ್ತ್ರದಲ್ಲಿ ಸಂಶಯ ಬೇರೆ, ಅನುಮಾನ ಬೇರೆ. ದೂರದಲ್ಲಿ ನಿಂತಿರೋದು ಕಂಬವೋ ಮನುಷ್ಯನೋ, ಇದು ಸಂಶಯ. ಆ ಸಂಶಯ ಹೋಗಲಾಡಿಸೋಕೆ ಇರೋ ಉಪಾಯಗಳಲ್ಲಿ ಅನುಮಾನ ಒಂದು. ಸಂಶಯ ಕಾಯಿಲೆಯಾದರೆ ಅನುಮಾನ ಮಾತ್ರೆ.

ಕನ್ನಡದಲ್ಲಿ ಏನಾಯ್ತು? ನಿಘಂಟಿನಲ್ಲಿ ಇವತ್ತಿಗೂ ಎರಡೂ ಅರ್ಥ ಸಿಗುತ್ತೆ. ಆದ್ರೆ ಬೀದಿಯಲ್ಲಿ ಗೆದ್ದದ್ದು ಒಂದೇ. ಪೇಪರ್ ತೆಗೀರಿ: ‘ಅನುಮಾನಾಸ್ಪದ ಸಾವು’, ‘ಅನುಮಾನಾಸ್ಪದ ವ್ಯಕ್ತಿ’. ಹಿಂದಿಯಲ್ಲಿ ಹವಾಮಾನ ವರದಿಗೆ ‘ಪೂರ್ವಾನುಮಾನ್’ ಅಂತಾರೆ, ಅಲ್ಲಿ ಅನುಮಾನ್ ಅಂದ್ರೆ ಅಂದಾಜು. ನಿಮ್ಮ ಉತ್ತರ ಭಾರತದ ರೂಮ್‌ಮೇಟ್ ‘ಮೇರಾ ಅನುಮಾನ್ ಹೈ’ ಅಂದ್ರೆ ಅವನು ಲೆಕ್ಕ ಹಾಕ್ತಿದಾನೆ, ಯಾರ ಮೇಲೂ ಗುಮಾನಿ ಪಡ್ತಿಲ್ಲ. ತೆಲುಗಿನವರು ಮಾತ್ರ ನಮ್ಮ ಜೊತೆ. ‘ಅನುಮಾನಂ ಪೆದ್ದ ರೋಗಂ’ ಅನ್ನೋ ಅವರ ಮಾತು ಬೆಂಗಳೂರಲ್ಲೂ ಓಡಾಡುತ್ತೆ. ಮಾತ್ರೆಯ ಹೆಸರೇ ದೊಡ್ಡ ರೋಗದ ಹೆಸರಾಗಿಬಿಡ್ತು.

ಪದಗಳ ಅರ್ಥ ಬದಲಾಗೋದು ತಪ್ಪಲ್ಲ, ಎಲ್ಲ ಭಾಷೆಯಲ್ಲೂ ಆಗುತ್ತೆ. ನಮ್ಮ ಬಳಿ ತರ್ಕ, ಊಹೆ, ಅಂದಾಜು ಅನ್ನೋ ಪದಗಳಿವೆ. ಆದ್ರೆ ಆ ಹಳೇ ಅನುಮಾನದ ಶಿಸ್ತು ಎಲ್ಲಿ ಉಳಿದಿದೆ? ಒಂದು ಜಾಗ ತೋರಿಸ್ತೀನಿ ಬನ್ನಿ. ದೂರ ಇಲ್ಲ.

ಹೆಬ್ಬಾಳದ ಕಿತ್ತಯ್ಯ

ಹೆಬ್ಬಾಳ ಅಂದ ತಕ್ಷಣ ನಮಗೆ ಫ್ಲೈಓವರ್, ಕೆರೆ, ಏರ್‌ಪೋರ್ಟ್ ರೋಡ್. 2018ರಲ್ಲಿ ಅಲ್ಲಿ ಒಂದು ಕಲ್ಲು ಬೆಳಕಿಗೆ ಬಂತು. ಮೇಲೆ ಹಳಗನ್ನಡದ ಬರಹ. ಕಿತ್ತಯ್ಯ ಅನ್ನೋನು ಊರಿನ ಮೇಲೆ ದಾಳಿ ಆದಾಗ ಹೋರಾಡಿ ಸತ್ತ ಅಂತ ಹೇಳೋ ಸ್ಮಾರಕ ಶಾಸನ. ಇದುವರೆಗೆ ಸಿಕ್ಕಿದ್ದರಲ್ಲಿ ಬೆಂಗಳೂರಿನ ಅತಿ ಹಳೇ ಕನ್ನಡ ಶಾಸನ ಇದೇ ಅಂತ ಗುರುತಿಸಿದಾರೆ. ಕಾಲ ಸುಮಾರು ಕ್ರಿ.ಶ. 750.

ಇಲ್ಲೇ ನಿಲ್ಲೋಣ. ಸುಮಾರು 750 ಅಂತ ಹೇಗೆ ಗೊತ್ತಾಯ್ತು? ಕಲ್ಲಿನ ಮೇಲೆ ಇಸವಿ ಬರೆದಿಲ್ಲ. ಇಲ್ಲಿ ಕೆಲಸ ಮಾಡಿದ್ದು ಅನುಮಾನ, ಹಳೇ ಅರ್ಥದ ಅನುಮಾನ.

ಮೊದಲ ಎಳೆ: ಶಾಸನದಲ್ಲಿ ಶ್ರೀಪುರುಷ ಮಹಾರಾಜನ ಹೆಸರಿದೆ. ಆತ ಗಂಗ ವಂಶದ ರಾಜ, ಸುಮಾರು 725ರಿಂದ 788ರವರೆಗೆ ಆಳಿದವನು ಅಂತ ಬೇರೆ ದಾಖಲೆಗಳಿಂದ ಗೊತ್ತು. ಅಂದ್ಮೇಲೆ ಕಲ್ಲು ಆ ಅರವತ್ತು ಚಿಲ್ಲರೆ ವರ್ಷಗಳ ಒಳಗಿನದು. ಎರಡನೇ ಎಳೆ: ಅಕ್ಷರದ ಆಕಾರ. ಕನ್ನಡ ಲಿಪಿ ಶತಮಾನದಿಂದ ಶತಮಾನಕ್ಕೆ ಬದಲಾಗುತ್ತಾ ಬಂದಿದೆ, ಕಾಲ ಗೊತ್ತಿರೋ ಶಾಸನಗಳ ಜೊತೆ ಇಟ್ಟು ಹೋಲಿಸಬಹುದು. ಮೂರನೇ ಎಳೆ: ದಾಳಿ ಮಾಡಿದವರ ಬಗ್ಗೆ ಹೇಳುವಾಗ ಬರೋ ‘ರಟ್ಟವಾಡಿ’ ಅನ್ನೋ ಪದ. ರಟ್ಟ ಅಂದ್ರೆ ರಾಷ್ಟ್ರಕೂಟ. ಆ ಶತಮಾನದಲ್ಲೇ ರಾಷ್ಟ್ರಕೂಟರು ಮೇಲೆದ್ದು ಗಂಗರ ನಾಡಿನ ಮೇಲೆ ಬಿದ್ದದ್ದು ಇತಿಹಾಸಕ್ಕೆ ಗೊತ್ತು. ಮೂರೂ ಬೇರೆ ಬೇರೆ ದಿಕ್ಕಿನಿಂದ ಬಂದು ಒಂದೇ ಜಾಗದಲ್ಲಿ ಸೇರುತ್ತವೆ. ನ್ಯೂಮನ್ ಹೇಳಿದ್ದು ಇದನ್ನೇ. ದಾರ ಹಗ್ಗ ಆಗೋದು ಹೀಗೆ.

ನಾಲ್ಕನೇ ಎಳೆ ನಂಗೆ ರೋಮಾಂಚನ ತರುತ್ತೆ. ಶಾಸನದಲ್ಲಿ ‘ಪೆರ್ಬೊಳಲ್ ನಾಡು’ ಅನ್ನೋ ಹೆಸರಿದೆ. ಪೆರ್ ಅಂದ್ರೆ ಹಿರಿದು, ದೊಡ್ಡದು. ಪೊಳಲ್ ಅಂದ್ರೆ ಪಟ್ಟಣ. ಸೇರಿಸಿದರೆ ದೊಡ್ಡ ಪಟ್ಟಣ. ಇದೇ ಹೆಬ್ಬಾಳ ಅಂತ ವಿದ್ವಾಂಸರು ಹೇಳ್ತಾರೆ. ಪೆರ್ಬೊಳಲ್ ಎಲ್ಲಿ, ಹೆಬ್ಬಾಳ ಎಲ್ಲಿ, ಸುಮ್ನೆ ಎಳೆದು ಸೇರಿಸಿದ್ದಲ್ವಾ ಅಂತ ನೀವು ಕೇಳಬಹುದು. ಕೇಳಬೇಕು ಕೂಡ.

ಉತ್ತರ ಭಾಷೆಯಲ್ಲೇ ಇದೆ. ಹಳಗನ್ನಡದ ಅಚ್ಚಗನ್ನಡ ಪದಗಳ ಮೊದಲಿನ ‘ಪ’ ಶತಮಾನಗಳ ಅವಧಿಯಲ್ಲಿ ‘ಹ’ ಆಯ್ತು. ಪಾಲ್ ಹಾಲಾಯ್ತು, ಪುಲಿ ಹುಲಿಯಾಯ್ತು, ಪೂ ಹೂವಾಯ್ತು, ಪಳ್ಳಿ ಹಳ್ಳಿಯಾಯ್ತು, ಪೊಸ ಹೊಸ ಆಯ್ತು. ತಮಿಳಿನವರು ಇವತ್ತಿಗೂ ಪಾಲ್, ಪುಲಿ, ಪೂ ಅಂತಾರೆ. ಹಾಗಾದ್ರೆ ಪುಸ್ತಕ ಯಾಕೆ ಹುಸ್ತಕ ಆಗಲಿಲ್ಲ, ಪಾಪ ಯಾಕೆ ಹಾಪ ಆಗಲಿಲ್ಲ? ಅವು ಸಂಸ್ಕೃತದಿಂದ ಬಂದ ಪದಗಳು, ಅದಕ್ಕೆ. ಅಪವಾದ ಇದೆ, ಅಪವಾದಕ್ಕೆ ಕಾರಣವೂ ಇದೆ. ಒಂದು ನಿಯಮ ಗಟ್ಟಿ ಇದೆಯಾ ಅಂತ ನೋಡೋದು ಹೀಗೆ. ಆ ದಾರಿಯಲ್ಲಿ ಪೆರ್ಬೊಳಲ್‌ನ ‘ಪ’ ಹೋಗಿ ‘ಹ’ ಬಂದು, ಮಧ್ಯದ ‘ರ್’ ಪಕ್ಕದ ‘ಬ’ದ ಜೊತೆ ಸೇರಿ ‘ಬ್ಬ’ ಆಗಿ, ಬಾಯಿಂದ ಬಾಯಿಗೆ ಸವೆದು ಹೆಬ್ಬಾಳ ಆಯ್ತು. ಸಿಗ್ನಲ್‌ನಲ್ಲಿ ನಿಂತು ‘ಹೆಬ್ಬಾಳ ಹೆಬ್ಬಾಳ’ ಅಂತ ಕೂಗೋ ಕಂಡಕ್ಟರ್ ಬಾಯಲ್ಲಿರೋದು ಸಾವಿರದ ಇನ್ನೂರು ವರ್ಷದ ಹಿಂದಿನ ‘ದೊಡ್ಡ ಪಟ್ಟಣ’.

ಇದನ್ನ ಬೆಂದಕಾಳೂರಿನ ಕಥೆ ಜೊತೆ ಹೋಲಿಸಿ. ಬೇಟೆಗೆ ಬಂದ ಹೊಯ್ಸಳ ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳು, ಅದಕ್ಕೆ ಬೆಂಗಳೂರು ಅಂತ ಹೆಸರು ಬಂತು. ಮುದ್ದಾದ ಕಥೆ. ಆದ್ರೆ ಇಮ್ಮಡಿ ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರೋ ಗಂಗರ ಕಾಲದ ಶಾಸನದಲ್ಲಿ, ಅಂದ್ರೆ 9ನೇ ಶತಮಾನದ ಕೊನೆಯಲ್ಲೇ, ‘ಬೆಂಗಳೂರು’ ಅನ್ನೋ ಹೆಸರಿದೆ. ಅಜ್ಜಿ ಕಾಳು ಬೇಯಿಸೋಕೆ ಸುಮಾರು ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿತ್ತು. ಕೇಳೋಕೆ ಹೊಂದುತ್ತೆ ಅನ್ನೋದು ಹೇತು ಆಗಲ್ಲ.

ಇನ್ನೊಂದು ಗಮನಿಸಿ. ಶಾಸನ ಓದುವವರು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ತಾರೆ. ಕಿತ್ತಯ್ಯ ನೋಡೋಕೆ ಹೇಗಿದ್ದ, ಸಾಯುವಾಗ ಏನಂದ? ಕಲ್ಲು ಹೇಳಿಲ್ಲ, ಅವರೂ ಹೇಳಲ್ಲ. ‘ಸುಮಾರು 750’ ಅಂತಾರೆ, ‘750’ ಅನ್ನಲ್ಲ. ‘ಇದುವರೆಗೆ ಸಿಕ್ಕಿದ್ದರಲ್ಲಿ’ ಅಂತಾರೆ. ಆ ‘ಸುಮಾರು’, ಆ ‘ಇದುವರೆಗೆ’ ಇವೆಯಲ್ಲ, ಅವೇ ತಕ್ಕಡಿಯ ಮುಳ್ಳು. ಸಾಕ್ಷಿಗೆ ಎಷ್ಟು ತೂಕ ಇದೆಯೋ ಅಷ್ಟೇ ಮಾತು. ಬೆಂಗಳೂರಿನ ಮಿಥಿಕ್ ಸೊಸೈಟಿ ಈಗ ಊರಿನ ಶಾಸನಗಳನ್ನ ತ್ರೀಡಿ ಸ್ಕ್ಯಾನ್ ಮಾಡಿಸ್ತಿದೆ. ಸವೆದ ಅಕ್ಷರ ಬರಿಗಣ್ಣಿಗೆ ಒಂಥರಾ ಕಾಣುತ್ತೆ, ಸ್ಕ್ಯಾನ್‌ನಲ್ಲಿ ಇನ್ನೊಂಥರಾ. ಮಂಜೋ ಹೊಗೆಯೋ ಅಂತ ಮೊದಲು ನೋಡ್ಕೊಳ್ಳೋ ಕೆಲಸ ಅದು.

ಅದೇ ವರ್ಷ, ಇನ್ನೊಂದು ಅನುಮಾನ

ಈಗ ಕಷ್ಟದ ಭಾಗ. ಅದೇ 2018.

ಆ ಬೇಸಿಗೆಯಲ್ಲಿ ಎಲ್ಲರ ವಾಟ್ಸಾಪ್‌ನಲ್ಲಿ ಮಕ್ಕಳ ಕಳ್ಳರ ಮೆಸೇಜು. ದೇಶದ ಉದ್ದಗಲಕ್ಕೂ ಓಡಾಡಿದ ಒಂದು ವಿಡಿಯೋ ನಿಮಗೂ ನೆನಪಿರಬಹುದು: ಬೈಕ್‌ನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡ್ತಿದ್ದ ಮಗುವನ್ನ ಎತ್ಕೊಂಡು ಹೋಗ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆ ಬಗ್ಗೆ ಮಾಡಿದ್ದ ಜಾಗೃತಿ ಜಾಹೀರಾತು. ಕೊನೆಯಲ್ಲಿ ಅವರು ಮಗುವನ್ನ ವಾಪಸ್ ತಂದು ಬಿಟ್ಟು, ಮಕ್ಕಳ ಬಗ್ಗೆ ಎಚ್ಚರ ಅಂತ ಫಲಕ ತೋರಿಸ್ತಾರೆ. ಆ ಕೊನೆಯನ್ನ ಕತ್ತರಿಸಿ, ಉಳಿದದ್ದನ್ನ ಹರಿಯಬಿಟ್ಟಿದ್ದರು.

ಮೇ 23, 2018. ಬೆಂಗಳೂರಿನ ಚಾಮರಾಜಪೇಟೆ. ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ ಒಬ್ಬ ಯುವಕ. ಮಕ್ಕಳ ಕಳ್ಳ ಅನ್ನೋ ಅನುಮಾನದ ಮೇಲೆ ಜನ ಕಟ್ಟಿ, ಎಳೆದು, ಹೊಡೆದರು. ಆತ ಸತ್ತುಹೋದ.

ಜುಲೈ 13, 2018. ಬೀದರ್ ಜಿಲ್ಲೆಯ ಔರಾದ್ ಕಡೆಯ ಮುರ್ಕಿ. ಹೈದರಾಬಾದ್‌ನಿಂದ ಕಾರಲ್ಲಿ ಸುತ್ತಾಡೋಕೆ ಬಂದಿದ್ದ ಗೆಳೆಯರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಜನ ಸೇರಿದರು, ಜಗಳ ಆಯ್ತು, ಇವರು ಹೆದರಿ ಕಾರು ಓಡಿಸಿದರು. ಕಾರಿಗಿಂತ ಬೇಗ ವಾಟ್ಸಾಪ್ ಮುಂದಿನ ಊರು ತಲುಪಿತ್ತು. ಅಲ್ಲಿ ರಸ್ತೆ ಅಡ್ಡಗಟ್ಟಿದರು. ಬಿಡಿಸೋಕೆ ಹೋದ ಪೊಲೀಸರಿಗೂ ಪೆಟ್ಟಾಯ್ತು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ.

ಆ ಗುಂಪಿನ ಮನಸ್ಸಲ್ಲಿ ಓಡಿದ್ದನ್ನ ಐದು ಮೆಟ್ಟಿಲಿನ ಹಾಗೆ ಬಿಡಿಸಿ ಇಡೋಣ. ಇವರು ಮಕ್ಕಳ ಕಳ್ಳರು. ಯಾಕಂದ್ರೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಚಾಕೊಲೇಟ್ ಕೊಡ್ತಾರೆ, ಮೆಸೇಜ್‌ನಲ್ಲಿ ಬಂದ ಹಾಗೆ. ಇವರೂ ಕೊಟ್ಟರು. ಅಂದ್ಮೇಲೆ ಕಳ್ಳರೇ.

ಒಂದೊಂದೇ ಮೆಟ್ಟಿಲು ಮುಟ್ಟಿ ನೋಡಿ. ಚಾಕೊಲೇಟ್ ಕೊಡೋದು ಅನ್ನೋ ಹೇತು ಎಲ್ಲರ ಮನೆಗೂ ಹೋಗುತ್ತೆ. ತಾತ ಕೊಡ್ತಾನೆ, ಹುಟ್ಟುಹಬ್ಬದ ದಿನ ಕ್ಲಾಸ್‌ಮೇಟ್ ಕೊಡ್ತಾನೆ, ಗಲ್ಫ್‌ನಿಂದ ಬಂದ ಚಿಕ್ಕಪ್ಪ ಕೊಡ್ತಾನೆ. ಆಮೇಲೆ ಉಲ್ಟಾ: ಕಳ್ಳರು ಕೊಡಬಹುದು ಅಂತ ಒಪ್ಪಿದರೂ, ಕೊಟ್ಟವರೆಲ್ಲ ಕಳ್ಳರಾಗಲ್ಲ. ಉದಾಹರಣೆಗೆ ಇಟ್ಕೊಂಡದ್ದು ಕತ್ತರಿಸಿದ ವಿಡಿಯೋಗಳ ಮಾತು, ಅಂದ್ರೆ ಮಂಜನ್ನ ಹೊಗೆ ಅಂದದ್ದು. ಹೆದರಿ ಓಡಿದರು ಅನ್ನೋದನ್ನೂ ಸಾಕ್ಷಿ ಮಾಡಿಕೊಂಡರು. ಗುಂಪು ಮುತ್ತಿಗೆ ಹಾಕಿದರೆ ಕಳ್ಳನೂ ಓಡ್ತಾನೆ, ಸಾಧುವೂ ಓಡ್ತಾನೆ.

‘ಬೆಂಕಿ ಇಲ್ಲದೆ ಹೊಗೆ ಆಡುತ್ತಾ?’ ಅಂತ ನಾವು ಗಾಳಿಸುದ್ದಿಗೆ ಸಪೋರ್ಟ್ ಮಾಡ್ತೀವಲ್ಲ, ಅದು ನ್ಯಾಯಶಾಸ್ತ್ರದ ಉದಾಹರಣೆಯೇ. ಆದ್ರೆ ಕೊನೇ ಮೆಟ್ಟಿಲು ಮಾತ್ರ ಇಟ್ಕೊಂಡು, ಕೆಳಗಿನ ನಾಲ್ಕನ್ನ ಕಿತ್ತುಹಾಕಿದ್ದೀವಿ.

ಬೀದರ್ ಘಟನೆಯಾಗಿ ಒಂದೇ ವಾರದಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಮೆಸೇಜನ್ನ ಒಮ್ಮೆಗೆ ಐದು ಚಾಟ್‌ಗಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡೋಕಾಗದ ಹಾಗೆ ಮಾಡೋದಾಗಿ ಹೇಳಿತು. ಹೊರೆಯ ವೇಗ ಕಮ್ಮಿಯಾಯ್ತು. ತೂಗೋ ಕೆಲಸ ಯಾವ ಆ್ಯಪ್‌ಗೂ ಬರಲ್ಲ.

ಒಂದೇ ವರ್ಷ, ಒಂದೇ ರಾಜ್ಯ. ಕಲ್ಲಿನ ಮುಂದೆ ಕೂತವರು ಒಂದು ಹೆಸರಿಗಾಗಿ ನಾಲ್ಕು ಎಳೆ ಹೆಣೆದು, ಅಷ್ಟಾದರೂ ‘ಸುಮಾರು’ ಅಂದರು. ರಸ್ತೆಯಲ್ಲಿ ನಿಂತವರು ಒಂದು ಜೀವಕ್ಕೆ ಒಂದು ಎಳೆಯನ್ನೂ ಮುಟ್ಟಿ ನೋಡಲಿಲ್ಲ. ‘ಸುಮಾರು’ ಅನ್ನಲಿಲ್ಲ. ಸಾವಿರದ ಇನ್ನೂರು ವರ್ಷದ ಹಿಂದೆ ಸತ್ತವನಿಗೆ ಸಿಕ್ಕ ನ್ಯಾಯ, ಕಣ್ಣೆದುರು ಕೈ ಮುಗೀತಾ ನಿಂತವರಿಗೆ ಸಿಗಲಿಲ್ಲ.

ಅನುಮಾನದ ಹಳೇ ಅರ್ಥವನ್ನ ವಾಪಸ್ ತನ್ನಿ ಅಂತ ನಾನು ಹೇಳ್ತಿಲ್ಲ, ಪದಗಳು ನಮ್ಮ ಮಾತು ಕೇಳಲ್ಲ. ಆದ್ರೆ ಹೊಸ ಅರ್ಥವನ್ನೇ ಒಳ್ಳೇದಕ್ಕೆ ಬಳಸಬಹುದು. ಅನುಮಾನ ಪಡಿ, ಧಾರಾಳವಾಗಿ ಪಡಿ. ಎದುರಿಗಿರೋ ಮನುಷ್ಯನ ಮೇಲಲ್ಲ, ನಿಮ್ಮ ಬಾಯಿಗೆ ಬಂದ ‘ಅಂದ್ಮೇಲೆ’ಯ ಮೇಲೆ. ಅದಕ್ಕೆ ವೋಚರ್ ಕೇಳಿ.

ಕಿತ್ತಯ್ಯನ ಕಲ್ಲನ್ನ ಹೆಬ್ಬಾಳದಲ್ಲೇ ಮಂಟಪ ಕಟ್ಟಿ ಇಟ್ಟಿದಾರೆ. ಆ ಕಡೆ ಹೋದಾಗ ಐದು ನಿಮಿಷ ನಿಂತು ನೋಡಿ ಬನ್ನಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಈ ಎಪಿಸೋಡ್ ಇಷ್ಟವಾದ್ರೆ ಫಾರ್ವರ್ಡ್ ಮಾಡಿ. ಪೂರ್ತಿ ಕೇಳಿದೀರಿ ತಾನೇ? ಹಾಗಿದ್ರೆ ಮಾಡಿ. ನಮಸ್ಕಾರ.